ಧೋತರದ ಪರದೆಯ ಮೇಲೆ ಅಪ್ಪನಿಗೆ ಏನು ತೋರಿಸಲಿ? ರಜೆ ಹಾಕಿದರೆ ಗೋವೆಗೋ, ಬೆಂಗಳೂರಿಗೋ?

ನವನಗರದ ನಿವಾಸಿ
ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ದಸರೆಯ ಬೋನಸ್ಸಿನಲ್ಲಿ ಒಂದು ಸಣ್ಣ ಪ್ರೊಜೆಕ್ಟರ್ ಕೊಂಡೆ. ಪರದೆಗೆ ದುಡ್ಡು ಉಳಿಯಲಿಲ್ಲ. ಅಪ್ಪನ ಬಿಳಿ ಧೋತರಕ್ಕೆ ಇಸ್ತ್ರಿ ಹಾಕಿ ಪಡಸಾಲೆಯ ಗೋಡೆಗೆ ಬಿಗಿದಿದ್ದೇನೆ. ಮೊದಲ ಭಾನುವಾರ ಉತ್ಸಾಹದಲ್ಲಿ ‘ಬೈಸಿಕಲ್ ಥೀವ್ಸ್’ ಹಾಕಿದೆ. ಇಟಲಿಯ ಮಾತು, ಇಂಗ್ಲಿಷ್ ಅಡಿಬರಹ. ಅಪ್ಪನಿಗೆ 76 ವರ್ಷ. ಕನ್ನಡ ಪತ್ರಿಕೆಯನ್ನು ಟೆಂಡರ್ ಪ್ರಕಟಣೆಯವರೆಗೂ ಓದುತ್ತಾರೆ, ಇಂಗ್ಲಿಷ್ ಒಂದಕ್ಷರ ಬಾರದು. ಹತ್ತು ನಿಮಿಷಕ್ಕೆ ‘ಇವರು ಏನನ್ನುತ್ತಿದ್ದಾರೆ?’ ಎಂದು ಕೇಳಿದರು. ಸೈಕಲ್ ಕಳುವಾಗುವ ಹೊತ್ತಿಗೆ ಗೊರಕೆ. ಅವ್ವನಂತೂ ಧಾರಾವಾಹಿ ತಪ್ಪಿತೆಂದು ಎದ್ದು ಹೋದಳು.

ಎರಡು ಪ್ರಶ್ನೆ. ಒಂದು, ಇಂಥವರ ಜೊತೆ ಕೂತು ನೋಡಲು ಯಾವ ಸಿನಿಮಾ, ಯಾವ ಸಾಕ್ಷ್ಯಚಿತ್ರ? ಹೊಡೆದಾಟದ ಚಿತ್ರಗಳ ಪಟ್ಟಿ ಬೇಡ, ಅದು ಪಕ್ಕದ ಮನೆಯ ಹುಡುಗನ ಬಳಿ ಇದೆ. ಎರಡು, ನವೆಂಬರ್‌ನಲ್ಲಿ ನಾಲ್ಕು ದಿನ ರಜೆ ಸಿಗುತ್ತದೆ. ಜೀವನದಲ್ಲಿ ಒಮ್ಮೆಯಾದರೂ ಚಿತ್ರೋತ್ಸವ ನೋಡಬೇಕೆಂಬ ಆಸೆ. ಗೋವೆಗೆ ಹೋಗಲೋ, ಬೆಂಗಳೂರಿನದಕ್ಕೆ ಕಾಯಲೋ?

ಚೋರ್ಲಾ ಘಾಟಿ
ಎರಡನೆಯದಕ್ಕೆ ಮೊದಲು ಉತ್ತರ: ಗೋವಾ. ಇದರಲ್ಲಿ ಯೋಚಿಸುವುದೇನಿದೆ? 1952ರಲ್ಲಿ ಮುಂಬೈಯಲ್ಲಿ ಶುರುವಾಗಿ ಊರೂರು ಸುತ್ತುತ್ತಿದ್ದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ 2004ರಿಂದ ಪಣಜಿಯಲ್ಲೇ ನೆಲೆ ನಿಂತಿದೆ. ಸಾಮಾನ್ಯವಾಗಿ ನವೆಂಬರ್ 20ರಿಂದ 28. ಬೆಳಗಾವಿಯಿಂದ ಚೋರ್ಲಾ ಮಾರ್ಗವಾಗಿ ಮೂರು ಗಂಟೆ ಚಿಲ್ಲರೆ. ಬೆಳಗಾವಿಯವರಾದ ನಮಗೆ ಅದು ಬೆಂಗಳೂರಿಗಿಂತ ಹತ್ತಿರದ ಊರು.

ಆದರೆ ಒಂದು ಬುದ್ಧಿಮಾತು. ಪ್ರತಿನಿಧಿಯಾಗಿ ಮೊದಲೇ ನೋಂದಾಯಿಸಿಕೊಳ್ಳಿ. ಯಾವ ಚಿತ್ರ ಬೇಕೋ ಅದರ ಸೀಟನ್ನು ಮುಂಚಿತವಾಗಿಯೇ ಕಾಯ್ದಿರಿಸಬೇಕು. ಮೊದಲ ಸಲ ನನಗೆ ಇದು ಗೊತ್ತಿರಲಿಲ್ಲ. ಸೀಟಿಲ್ಲದವರ ಸಾಲಿನಲ್ಲಿ ಒಂದೂವರೆ ಗಂಟೆ ನಿಂತು, ಬಾಗಿಲು ತೆರೆದ ಕೂಡಲೇ ನುಗ್ಗಿ, ತಪ್ಪು ಸಭಾಂಗಣಕ್ಕೆ ಹೋಗಿ ಕೂತೆ. ಒಬ್ಬ ಮುದುಕ ಆಲೂಗಡ್ಡೆ ಸುಲಿಯುತ್ತಿದ್ದ. ಕಣ್ಣು ಮುಚ್ಚಿ ತೆರೆದಾಗಲೂ ಸುಲಿಯುತ್ತಿದ್ದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ.

ಗುಮ್ಮಟದ ನೆರಳು
ಬೆಳಗಾವಿಯವರಿಗೆ ಗೋವಾ ಬಿಟ್ಟರೆ ಬೇರೆ ಲೋಕವಿಲ್ಲ. ಬಾಗಲಕೋಟೆಯವರು ಮೊದಲು ಬೆಳಗಾವಿ ಮುಟ್ಟಬೇಕಲ್ಲ, ಅದರ ಲೆಕ್ಕ ಎಲ್ಲಿ? ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಮಲಗಿಕೊಂಡೇ ಬೆಂಗಳೂರು ತಲುಪಬಹುದು. ಅಲ್ಲಿಯ ಉತ್ಸವವನ್ನು ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುತ್ತದೆ. ಕನ್ನಡ ಚಿತ್ರಗಳಿಗೇ ಪ್ರತ್ಯೇಕ ಸ್ಪರ್ಧೆ ಇದೆ. ಚಿತ್ರ ಮುಗಿದ ಮೇಲೆ ನಿರ್ದೇಶಕರನ್ನು ಕನ್ನಡದಲ್ಲೇ ಪ್ರಶ್ನೆ ಕೇಳಬಹುದು. ಗೋವೆಯಲ್ಲಿ ಆ ಭಾಗ್ಯ ಇಲ್ಲ.

ಚೋರ್ಲಾ ಘಾಟಿ
2025ರಲ್ಲಿ ಅದು ನಡೆದದ್ದು ಮಾರ್ಚ್ ಮೊದಲ ವಾರ. ಅವರ ರಜೆ ನವೆಂಬರ್‌ನಲ್ಲಿದೆ. ರಜೆಯನ್ನು ಉಪ್ಪಿನಕಾಯಿ ಹಾಕಿ ಮಾರ್ಚ್‌ವರೆಗೆ ಇಡಬೇಕೇ?

ಗುಮ್ಮಟದ ನೆರಳು
ಮಾರ್ಚ್ ಎಂದರೆ ನಮ್ಮಲ್ಲಿ ಬಿಸಿಲು ಏರುವ ಕಾಲ. ಹವಾನಿಯಂತ್ರಿತ ಕೊಠಡಿಯಲ್ಲಿ ಎಂಟು ದಿನ ಕೂರುವುದಕ್ಕಿಂತ ಒಳ್ಳೆಯ ಉಪಯೋಗ ರಜೆಗೆ ಇನ್ನೇನಿದೆ?

ಇಳಕಲ್ ಸೆರಗು
ಗಂಡಸರು ಬಸ್ಸು ರೈಲಿನ ವೇಳಾಪಟ್ಟಿಯಲ್ಲೇ ಮುಳುಗಿದ್ದೀರಿ. ಮೊದಲ ಪ್ರಶ್ನೆಗೆ ನಾನು ಬರುತ್ತೇನೆ.

‘ಶಿವಮ್ಮ’ ನೋಡಿ. ನಿರ್ದೇಶನ ಜೈಶಂಕರ್ ಆರ್ಯರ್. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಆ ಊರಿನ ಜನರನ್ನೇ ಹಾಕಿಕೊಂಡು ತೆಗೆದ ಚಿತ್ರ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಉತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ದೊಡ್ಡ ಬಹುಮಾನ ಬಂತು. ನಮ್ಮ ಊರುಗಳ ಚಿತ್ರಮಂದಿರದಲ್ಲಿ ಎಷ್ಟು ದಿನ ಇತ್ತು ಎಂದು ಮಾತ್ರ ಕೇಳಬೇಡಿ. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು, ಲಕ್ವ ಹೊಡೆದು ಮಲಗಿದ ಗಂಡ. ಯಾವುದೋ ಪೌಷ್ಟಿಕ ಪುಡಿ ಮಾರಿದರೆ ಗಂಡನೂ ಏಳುತ್ತಾನೆ, ಮನೆಯೂ ಏಳುತ್ತದೆ ಎಂದು ಆಕೆ ಮಗಳ ಮದುವೆಗೆ ಇಟ್ಟ ದುಡ್ಡನ್ನೂ ಸುರಿಯುತ್ತಾಳೆ. ನಗು ಬರುತ್ತದೆ, ನಕ್ಕಿದ್ದಕ್ಕೆ ನಾಚಿಕೆಯೂ ಬರುತ್ತದೆ. ನಮ್ಮ ಅತ್ತೆ ಅರ್ಧ ನೋಡಿ ಎದ್ದು ಒಳಗೆ ಹೋದರು. ಮಂಚದ ಕೆಳಗೆ ಅಂಥದೇ ಹನ್ನೊಂದು ಡಬ್ಬಿ ಇದ್ದದ್ದು ಆಗ ಹೊರಬಂತು. ಯಾವ ಕಂಪನಿ ಎಂದು ಹೇಳುವುದಿಲ್ಲ.

ಮುಖ್ಯ ಮಾತು, ಅದರ ಭಾಷೆ ನಮ್ಮದು. ನಿಮ್ಮ ಅಪ್ಪನಿಗೆ ಅಡಿಬರಹ ಬೇಕಾಗುವುದಿಲ್ಲ. ಬೆಂಗಳೂರಿನವರಿಗೆ ಬೇಕಾಗಬಹುದು.

ಜೋಳದ ರೊಟ್ಟಿ
ಹಾಗಾದರೆ ‘ತಿಥಿ’ಯನ್ನು ಮರೆಯಬೇಡಿ. ಕಾನ್‌ನಲ್ಲಿ ಪ್ರಶಸ್ತಿ ಬಂದ ಚಿತ್ರ. ಗಡ್ಡಪ್ಪ ನಡೆದುಕೊಂಡು ಹೋಗುವುದನ್ನು ನೋಡುವುದೇ ಒಂದು ಸುಖ.

ಮಗ್ಗದ ಸದ್ದು
ಕಾನ್ ಅಲ್ಲ, ಸ್ವಿಟ್ಜರ್ಲೆಂಡಿನ ಲೊಕಾರ್ನೊ, 2015. ಕಾನ್‌ನದು ಬೇರೆ ಕಥೆ. 2024ರಲ್ಲಿ ಅಲ್ಲಿ ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಚಿದಾನಂದ ನಾಯಕ್ ಅವರ ಕಿರುಚಿತ್ರ. ಮುದುಕಿಯೊಬ್ಬಳು ಹುಂಜವನ್ನು ಕದ್ದೊಯ್ದ ಮೇಲೆ ಊರಿಗೆ ಬೆಳಗೇ ಆಗದ ಕಥೆ. 16 ನಿಮಿಷ, ಅಷ್ಟೇ. ಅಜ್ಜಿ ಹೇಳುತ್ತಿದ್ದ ಕಥೆ ಪುಣೆಯ ಚಲನಚಿತ್ರ ಸಂಸ್ಥೆಯ ಮೂಲಕ ಫ್ರಾನ್ಸಿಗೆ ಹೋಗಿ ಬಂತು.

ಜೋಳದ ರೊಟ್ಟಿ
ತಿದ್ದಿದ್ದಕ್ಕೆ ಧನ್ಯವಾದ. ಎರಡೂ ವಿಮಾನದಲ್ಲೇ ಹೋಗುವ ಊರುಗಳು, ನನಗೆ ಒಂದೇ.

ಗಿರಮಿಟ್ ಪ್ರಿಯ
ಪ್ರೊಜೆಕ್ಟರ್ ಎಷ್ಟಕ್ಕೆ ಸಿಕ್ಕಿತು? ಮತ್ತು ಧೋತರ ಒಂಟಿ ಪದರವೋ ಜೋಡಿಯೋ?

ನವನಗರದ ನಿವಾಸಿ
ಬೆಲೆ ಹೇಳಿದರೆ ಅವ್ವನ ಕಿವಿಗೆ ಬೀಳುತ್ತದೆ. ಧೋತರ ಒಂಟಿ ಪದರ. ಹಿಂದಿನ ಗೋಡೆಯ ಕ್ಯಾಲೆಂಡರ್ ಮೊಳೆ ನಾಯಕನ ಹಣೆಯ ಮೇಲೆ ಕಾಣುತ್ತದೆ.

ಗಿರಮಿಟ್ ಪ್ರಿಯ
ಎರಡು ಮಡಿಕೆ ಮಾಡಿ, ಹಿಂದೆ ಕಪ್ಪು ಬಟ್ಟೆ ಕೊಡಿ. ಬೆಳಕು ಹಾಯುವುದಿಲ್ಲ, ಚಿತ್ರ ಗಟ್ಟಿಯಾಗುತ್ತದೆ. ಪ್ರೊಜೆಕ್ಟರಿನ ಒಳಗಿನ ಸ್ಪೀಕರ್ ನಂಬಬೇಡಿ, ವಯಸ್ಸಾದವರಿಗೆ ಮಾತು ಸ್ಪಷ್ಟವಾಗದಿದ್ದರೆ ನಿದ್ದೆ ಬರುತ್ತದೆ. ಅರ್ಧ ಗೊರಕೆಗೆ ಸ್ಪೀಕರೇ ಕಾರಣ.

ಮಗ್ಗದ ಸದ್ದು
ಅಡಿಬರಹದ ವಿಷಯಕ್ಕೆ ಬರುತ್ತೇನೆ, ಇದು ನನ್ನ ಬಹುದಿನದ ಸಿಟ್ಟು. ಜಗತ್ತಿನ ಚಿತ್ರಗಳು ಈಗ ಕೈಯಲ್ಲಿರುವ ಮೊಬೈಲಿಗೇ ಬರುತ್ತವೆ, ಆದರೆ ಕನ್ನಡ ಅಕ್ಷರದಲ್ಲಿ ಅಡಿಬರಹ ಹುಡುಕಿದರೆ ಸಿಗುವುದು ಬೆರಳೆಣಿಕೆ. ಕನ್ನಡ ಓದಬಲ್ಲ ಒಂದಿಡೀ ತಲೆಮಾರು ಹೊರಗೇ ನಿಂತಿದೆ. ಡಬ್ಬಿಂಗ್ ಬೇಕೋ ಬೇಡವೋ ಎಂದು ಅಷ್ಟು ವರ್ಷ ಜಗಳವಾಡಿದೆವು. ನಾಲ್ಕು ಸಾಲು ಅಕ್ಷರಕ್ಕೆ ಯಾರೂ ಜಗಳವಾಡಲಿಲ್ಲ.

ಅಲ್ಲಿಯವರೆಗೆ ಒಂದು ಉಪಾಯ: ಮಾತೇ ಇಲ್ಲದ ಚಿತ್ರಗಳು. ಚಾಪ್ಲಿನ್‌ನ ‘ಮಾಡರ್ನ್ ಟೈಮ್ಸ್’ (1936) ತೋರಿಸಿ. ನಾನು ರಬಕವಿಯವನು. ಯಂತ್ರದ ಮುಂದೆ ನಿಂತ ಮನುಷ್ಯನ ಕೈ ಕೆಲಸ ಮುಗಿದರೂ ನಿಲ್ಲದೆ ತಿರುಪು ಬಿಗಿಯುತ್ತಲೇ ಇರುವ ದೃಶ್ಯಕ್ಕೆ, ವಿದ್ಯುತ್ ಮಗ್ಗದಲ್ಲಿ ನಲವತ್ತು ವರ್ಷ ದುಡಿದ ನಮ್ಮ ಕಾಕಾ ನಕ್ಕ ನಗುವನ್ನು ನೀವು ಕೇಳಬೇಕಿತ್ತು. ಆಮೇಲೆ ಸುಮ್ಮನಾಗಿ ತಮ್ಮ ಕೈಯನ್ನೇ ನೋಡಿಕೊಂಡರು. ಸಿಂಗೀತಂ ಶ್ರೀನಿವಾಸರಾಯರ ‘ಪುಷ್ಪಕ ವಿಮಾನ’ (1987) ಕೂಡ ಆಗುತ್ತದೆ. ಸಾಕ್ಷ್ಯಚಿತ್ರವೇ ಬೇಕೆಂದರೆ 1929ರ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’. ಕಥೆಯೂ ಇಲ್ಲ, ಮಾತೂ ಇಲ್ಲ, ಊರೊಂದು ಬೆಳಗಿನಿಂದ ಸಂಜೆಯವರೆಗೆ ಓಡುತ್ತದೆ.

ಹಳೆಯ ಟಾಕೀಸು
ಸಾಕ್ಷ್ಯಚಿತ್ರ ಎಂದರೆ ನಮ್ಮ ಕಾಲದಲ್ಲಿ ಬೀಡಿ ಸೇದಲು ಹೊರಗೆ ಹೋಗುವ ಸಮಯ. ಮುಖ್ಯ ಚಿತ್ರಕ್ಕೆ ಮುಂಚೆ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನವರ ರೀಲು ಕಡ್ಡಾಯವಾಗಿ ಓಡಬೇಕಿತ್ತು. ಬರಗಾಲ, ಅಣೆಕಟ್ಟು, ಕುಟುಂಬ ಯೋಜನೆ. 1948ರಲ್ಲಿ ಹುಟ್ಟಿದ ಆ ಸಂಸ್ಥೆ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ (ಎನ್‌ಎಫ್‌ಡಿಸಿ) ಸೇರಿಹೋಯಿತು. ಬೈದದ್ದು ಸಾಕು, ಈಗ ಅವುಗಳನ್ನೇ ಹುಡುಕಿ ನೋಡುತ್ತೇನೆ. ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರ ಮೇಲೆ ಮಾಡಿದ ಚಿತ್ರ ಇದೆ. ಬೇಂದ್ರೆ ನಡೆಯುವುದನ್ನು, ಮಾತನಾಡುವುದನ್ನು ಕಣ್ಣಾರೆ ಕಾಣಬಹುದು. ಮಲ್ಲಿಕಾರ್ಜುನ ಮನಸೂರರ ಮೇಲೆ ನಂದನ್ ಕುಡ್ಯಾಡಿ ‘ರಸಯಾತ್ರಾ’ ಮಾಡಿದ್ದಾರೆ. ಹಿಂದೂಸ್ತಾನಿ ಸಂಗೀತದ ನೆಲದವರಿಗೆ ಅಡಿಬರಹದ ಹಂಗು ಏಕೆ?

ಇಷ್ಟೆಲ್ಲ ಮಾಡಿದವರು ಅಮೀರಬಾಯಿ ಕರ್ನಾಟಕಿಯ ಮೇಲೆ ಒಂದು ಒಳ್ಳೆಯ ಚಿತ್ರ ಮಾಡಬಾರದೇ? ಬೀಳಗಿಯಲ್ಲಿ ಹುಟ್ಟಿದ ಹೆಣ್ಣುಮಗಳು. 1943ರ ‘ಕಿಸ್ಮತ್’ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷ ಓಡಿತು, ಅದರ ಹಾಡುಗಳಲ್ಲಿ ಆಕೆಯ ದನಿ. ವಿಜಯಪುರದ ಅಮೀರ್ ಟಾಕೀಸಿಗೆ ಆಕೆಯ ಹೆಸರೇ. ಅದರಲ್ಲಿ ಸಿನಿಮಾ ನೋಡಿದವರಿಗೇ ಅಮೀರ್ ಯಾರೆಂದು ಗೊತ್ತಿಲ್ಲ. ರಹಮತ್ ತರೀಕೆರೆಯವರು ಪುಸ್ತಕ ಬರೆದಿದ್ದಾರೆ, ಕ್ಯಾಮೆರಾ ಹಿಡಿಯುವವರು ಅಲ್ಲಿಂದ ಶುರುಮಾಡಬಹುದು.

ಗುಮ್ಮಟದ ನೆರಳು
ನನಗೂ ಗೊತ್ತಿರಲಿಲ್ಲ. ಅಮೀರ್ ಎಂದರೆ ಯಾರೋ ಸಾಹುಕಾರನ ಹೆಸರು ಎಂದುಕೊಂಡಿದ್ದೆ.

ಚಿಂಕಾರ
ಅವ್ವನಿಗೆ ಪ್ರಾಣಿಗಳು ಇಷ್ಟವೇ? ಹಾಗಿದ್ದರೆ ‘ವೈಲ್ಡ್ ಕರ್ನಾಟಕ’ದ ಕನ್ನಡ ಆವೃತ್ತಿ ನೋಡಿ. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿಯವರ ದನಿ. ಇನ್ನೊಂದು ಪುನೀತ್ ಅವರ ‘ಗಂಧದ ಗುಡಿ’. ಅವರು ತೀರಿಕೊಂಡು ವರ್ಷ ತುಂಬುವ ಹಿಂದಿನ ದಿನ, 2022ರ ಅಕ್ಟೋಬರ್ 28ರಂದು ಬಂತು. ಇದು ಸಾಕ್ಷ್ಯಚಿತ್ರವೇ ಅಲ್ಲವೇ ಎಂದು ವಾದಿಸುವವರು ಬೇರೆ ಎಳೆ ಶುರುಮಾಡಿಕೊಳ್ಳಲಿ. ನಮ್ಮ ಮನೆಯಲ್ಲಿ ಎಲ್ಲರೂ ಅತ್ತರು.

ನೀವೊಬ್ಬರೇ ನೋಡುವುದಾದರೆ ‘ಆಲ್ ದಟ್ ಬ್ರೀದ್ಸ್’. ದೆಹಲಿಯ ಹೊಗೆಯಲ್ಲಿ ಕೆಳಗೆ ಬೀಳುವ ಹದ್ದುಗಳನ್ನು ಮನೆಯ ನೆಲಮಾಳಿಗೆಯಲ್ಲಿ ಉಪಚರಿಸುವ ಅಣ್ಣತಮ್ಮಂದಿರು. ಹದ್ದಿನಷ್ಟೇ ಇಲಿ, ಹಂದಿ, ಕೊಳಚೆಯ ಹುಳುವಿಗೂ ಅಲ್ಲಿ ಮರ್ಯಾದೆ. ಇನ್ನೊಂದು ‘ಹನಿಲ್ಯಾಂಡ್’, ಉತ್ತರ ಮ್ಯಾಸಿಡೋನಿಯಾದ ಜೇನು ಸಾಕುವ ಹೆಂಗಸು. ‘ಅರ್ಧ ನನಗೆ, ಅರ್ಧ ನಿಮಗೆ’ ಎಂದು ಜೇನುಹುಳುಗಳ ಜೊತೆ ಕರಾರು ಮಾಡಿಕೊಂಡವಳು. ಅದನ್ನು ಮೂರು ವರ್ಷ ಕೂತು ಚಿತ್ರಿಸಿದರು. ನಮ್ಮ ಯಡಹಳ್ಳಿಯ ಚಿಂಕಾರಗಳಿಗೆ, ಅಂದರೆ ಆ ಹುಲ್ಲೆಗಳಿಗೆ, ಯಾರಾದರೂ ಹೀಗೆ ಮೂರು ವರ್ಷ ಕೊಟ್ಟರೆ ನನ್ನ ಗುರುತಿನ ಹೆಸರು ಸಾರ್ಥಕ.

ಜೋಳದ ರೊಟ್ಟಿ
ಸಾಕ್ಷ್ಯಚಿತ್ರ ಎಂದರೆ ಕ್ಯಾಮೆರಾ ಇಟ್ಟು ಸುಮ್ಮನೆ ಕೂರುವುದು. ಅದರಲ್ಲಿ ಕಲೆ ಎಲ್ಲಿದೆ?

ಹಳೆಯ ಟಾಕೀಸು
ಹಾಗೆ ಸುಮ್ಮನೆ ಕೂತವರು ಯಾರೂ ಇಲ್ಲ. ಸಾಕ್ಷ್ಯಚಿತ್ರಗಳ ತಾತ ಎನಿಸಿಕೊಂಡ ‘ನಾನೂಕ್ ಆಫ್ ದ ನಾರ್ತ್’ (1922) ನೋಡಿ. ಆ ಜನ ಆಗಲೇ ಬಂದೂಕು ಬಳಸುತ್ತಿದ್ದರು, ನಿರ್ದೇಶಕ ಫ್ಲಾಹರ್ಟಿ ಈಟಿ ಹಿಡಿಸಿ ಬೇಟೆಯಾಡಿಸಿದ. ಒಳಗೆ ಬೆಳಕು ಸಾಲದೆಂದು ಹಿಮದ ಮನೆಯನ್ನು ಅರ್ಧ ಕತ್ತರಿಸಿದ. ಮಲಗಿದ ಕುಟುಂಬ ನಿಜಕ್ಕೂ ಬಯಲಿನಲ್ಲಿ ನಡುಗುತ್ತಿತ್ತು.

ಜೋಳದ ರೊಟ್ಟಿ
ಹಾಗಾದರೆ ಅದು ನಾಟಕವಾಯಿತು. ನಾನೇ ಗೆದ್ದೆ.

ಬಸವನ ಬಾಗೇವಾಡಿ ಬಸ್ಸು
ಮರಾಠಿ ಅರ್ಥವಾದರೆ ನಾಗರಾಜ ಮಂಜುಳೆಯ ‘ಫ್ಯಾಂಡ್ರಿ’ ನೋಡಿ. ಸೋಲಾಪುರ ಜಿಲ್ಲೆಯವರು, ನಮ್ಮ ಜೋಳದ ಸೀಮೆಯೇ. ಹಂದಿಯನ್ನು ಅಟ್ಟಿಸಿಕೊಂಡು ಓಡುತ್ತಿರುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ, ಹಂದಿ ಓಡಿಹೋಗುತ್ತದೆ. ಅಷ್ಟು ಸಾಕು.

ಕಿತ್ತೂರಿನ ಕತ್ತಿ
ಕನ್ನಡದ ಚರ್ಚೆಯಲ್ಲಿ ಮರಾಠಿ ಏಕೆ? 1961ರ ‘ಕಿತ್ತೂರು ಚೆನ್ನಮ್ಮ’ ಹೇಳಲು ಯಾರಿಗೂ ಬಾಯಿ ಬರಲಿಲ್ಲವೇ?

ಬಸವನ ಬಾಗೇವಾಡಿ ಬಸ್ಸು
ನಮ್ಮ ಅತ್ತಿಗೆ ಸೋಲಾಪುರದವಳು. ಈ ಮಾತನ್ನು ಆಕೆಯ ಮುಂದೆ ಬಂದು ಹೇಳಿ. ಊಟ ಸಿಗುವುದಿಲ್ಲ.

ಚೋರ್ಲಾ ಘಾಟಿ
ಗಡಿ ವಿವಾದ ಸುಪ್ರೀಂ ಕೋರ್ಟಿನಲ್ಲಿದೆ, ಅಲ್ಲೇ ಇರಲಿ. ಸಿನಿಮಾಕ್ಕೆ ಬನ್ನಿ.

ಹಿನ್ನೀರು
ಇಷ್ಟು ಹೊತ್ತು ಓದುತ್ತಿದ್ದೆ. ಬಾಗಲಕೋಟೆಯ 76 ವರ್ಷದ ಹಿರಿಯರು, ನವನಗರದ ಮನೆ. ಅಂದರೆ ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗೆ ಮುಳುಗಿದ ಹಳೆಯ ಊರಿನಿಂದ ಎದ್ದು ಬಂದವರಿರಬೇಕು. ಅವರಿಗೆ ತೋರಿಸಬೇಕಾದ ಚಿತ್ರ ಒಂದೇ: ‘ದ್ವೀಪ’. ನಾ. ಡಿಸೋಜರ ಕಾದಂಬರಿ, ಗಿರೀಶ ಕಾಸರವಳ್ಳಿಯವರ ನಿರ್ದೇಶನ, ಸೌಂದರ್ಯ ತಾವೇ ನಿರ್ಮಿಸಿ ನಟಿಸಿದ್ದು, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದದ್ದು. ಅಣೆಕಟ್ಟಿನ ನೀರು ಏರುತ್ತದೆ, ಸೀತಾಪರ್ವತದ ಮೇಲೆ ಒಂದೇ ಮನೆ ಉಳಿಯುತ್ತದೆ. ‘ಚೋಮನ ದುಡಿ’ಯ ಚೋಮನಾಗಿದ್ದ ವಾಸುದೇವರಾಯರು ಇಲ್ಲಿ ದುಗ್ಗಜ್ಜ. ಪರಿಹಾರದ ಲೆಕ್ಕ ಬರೆಯುವ ಕಚೇರಿಯ ದೃಶ್ಯ ಬಂದಾಗ ನಮ್ಮ ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ.

ಇಳಕಲ್ ಸೆರಗು
ಬೇಡ. ಆ ವಯಸ್ಸಿನಲ್ಲಿ ಗಾಯ ಕೆರೆಯುವುದೇಕೆ? ಭಾನುವಾರ ಸಂಜೆ, ಮನೆಮಂದಿ ನಗುತ್ತ ಕೂರಲೆಂದು ಅವರು ಪ್ರೊಜೆಕ್ಟರ್ ತಂದಿದ್ದಾರೆ.

ಹಿನ್ನೀರು
ಗಾಯ ಮಾಯ್ದಿದೆ ಎಂದು ನಿಮಗೆ ಯಾರು ಹೇಳಿದರು? ನಮ್ಮ ತಂದೆ ಪ್ರತಿ ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ಹಳೆಯ ಅಡಿಪಾಯದ ಕಲ್ಲು ಎಣಿಸಿ ಬರುತ್ತಿದ್ದರು. ಆಲಮಟ್ಟಿಯ ಆಣೆಕಟ್ಟಿನ ಎತ್ತರವನ್ನು 519.6 ಮೀಟರ್‌ನಿಂದ 524.256ಕ್ಕೆ ಏರಿಸುವ ಸುದ್ದಿ ಬಂದಾಗಲೆಲ್ಲ ಈ ಸೀಮೆಯ ಮನೆಗಳಲ್ಲಿ ಇದೇ ಮಾತು. ಸಿನಿಮಾ ತೋರಿಸದಿದ್ದರೆ ಮರೆತುಬಿಡುತ್ತಾರೆಯೇ?

ಮಗ್ಗದ ಸದ್ದು
ಚೀನಾದ ಜಿಯಾ ಝಾಂಗ್‌ಕೆಯ ‘ಸ್ಟಿಲ್ ಲೈಫ್’ ಕೂಡ ಇದೇ ಸಂಕಟ. ತ್ರೀ ಗಾರ್ಜಸ್ ಅಣೆಕಟ್ಟಿಗೆ ಮುಳುಗಲಿರುವ ಊರಿನಲ್ಲಿ ಗೋಡೆಗಳನ್ನು ಸುತ್ತಿಗೆಯಿಂದ ಕೆಡವುತ್ತಿರುತ್ತಾರೆ, ಕಟ್ಟಡಗಳ ಮೇಲೆ ನೀರು ಎಲ್ಲಿಯವರೆಗೆ ಬರುತ್ತದೆಂದು ಗುರುತು ಬರೆದಿರುತ್ತಾರೆ. 2006ರಲ್ಲಿ ವೆನಿಸ್‌ನಲ್ಲಿ ಸ್ವರ್ಣಸಿಂಹ ಬಂತು. ಆದರೆ ಅದು ನಿಧಾನ, ಅಡಿಬರಹವೂ ಬೇಕು. ಅಪ್ಪನಿಗೆ ‘ದ್ವೀಪ’ವೇ ಸರಿ. ಮೊದಲೇ ಕಥೆ ಹೇಳಿ, ನೋಡುವಿರಾ ಎಂದು ಕೇಳಿ. ತೀರ್ಮಾನ ಅವರದು.

ಹಳೆಯ ಟಾಕೀಸು
ಇನ್ನೊಂದು ಮಾತು. ಪರಭಾಷೆಯ ಚಿತ್ರವನ್ನೂ ಬಿಟ್ಟುಕೊಡಬೇಡಿ, ಪಕ್ಕದಲ್ಲಿ ಕೂತು ನೀವೇ ಹೇಳಿ. ಜಪಾನಿನಲ್ಲಿ ಮೂಕಿ ಚಿತ್ರಗಳ ಕಾಲಕ್ಕೆ ಪರದೆಯ ಪಕ್ಕ ನಿಂತು ಕಥೆ ಹೇಳುವ ‘ಬೆನ್ಶಿ’ ಎಂಬ ಕಲಾವಿದರೇ ಇದ್ದರು. ಜನ ನಟರಿಗಿಂತ ಅವರ ಹೆಸರು ಕೇಳಿ ಬರುತ್ತಿದ್ದರು. ನೀನಾಸಂನ ಊರಾದ ಹೆಗ್ಗೋಡಿನ ಹಳ್ಳಿಗರು ಜಪಾನಿನ ‘ರಾಶೊಮಾನ್’ ನೋಡಿದ್ದು ಇಂಗ್ಲಿಷ್ ಪಂಡಿತರಾಗಿ ಅಲ್ಲ. ಪುಣೆಯ ಚಿತ್ರ ಭಂಡಾರವನ್ನು ಕಟ್ಟಿದ ಪಿ.ಕೆ. ನಾಯರ್ ಅವರ ಮೇಲಿನ ‘ಸೆಲ್ಯುಲಾಯ್ಡ್ ಮ್ಯಾನ್’ (2012) ಸಾಕ್ಷ್ಯಚಿತ್ರದಲ್ಲಿ ಆ ಊರು ಬರುತ್ತದೆ, ನೋಡಿ.

ಗಿರಮಿಟ್ ಪ್ರಿಯ
ಕಥೆ ಹೇಳುವವರ ಬಾಯಲ್ಲಿ ಮಿರ್ಚಿ ಭಜಿ ಇರಬಾರದು. ಅನುಭವದ ಮಾತು.

ನವನಗರದ ನಿವಾಸಿ
ಎಂಟು ದಿನದ ನಂತರ ಬರೆಯುತ್ತಿದ್ದೇನೆ. ಧೋತರ ಎರಡು ಮಡಿಕೆ ಮಾಡಿದೆ, ಸ್ಪೀಕರ್ ಬೇರೆ ಇಟ್ಟೆ. ಅಪ್ಪನಿಗೆ ‘ದ್ವೀಪ’ದ ಕಥೆ ಹೇಳಿ ಕೇಳಿದೆ. ‘ಹಾಕು’ ಎಂದರು.

ಗೊರಕೆ ಇಲ್ಲ. ಅವ್ವನೂ ಧಾರಾವಾಹಿ ಬಿಟ್ಟು ಕೂತಳು. ಮಳೆ ಸುರಿಯುತ್ತಲೇ ಇರುವ ಭಾಗದಲ್ಲಿ ಅಪ್ಪ ಒಂದೇ ಮಾತು ಹೇಳಿದರು: ‘ನಮಗೆ ಇಷ್ಟು ಮಳೆ ಇರಲಿಲ್ಲ. ಬಿಸಿಲಿನಲ್ಲೇ ನೀರು ಬಂತು. ಮಳೆ ಎಲ್ಲೋ ಮೇಲೆ, ಘಟಪ್ರಭೆ ನಮ್ಮ ಕಡೆ ಹಿಂದಕ್ಕೆ ನಡೆದು ಬಂದಳು.’ ಚಿತ್ರ ಮುಗಿದ ಮೇಲೆ ಅವರು ದೀಪ ಹಾಕಲು ಬಿಡಲಿಲ್ಲ. ಹಳೆಯ ಮನೆಯಿಂದ ಏನೇನು ತಂದರು, ಏನೇನು ಬಿಟ್ಟರು ಎಂದು ಹೇಳುತ್ತ ಹೋದರು. ನಾನು ಚಿಕ್ಕವನಿದ್ದಾಗ ಜೋಕಾಲಿ ಕಟ್ಟಿದ್ದ ತೊಲೆ ಅಲ್ಲಿಂದ ಬಂದದ್ದು ಎಂದು ಮೊದಲ ಸಲ ತಿಳಿಯಿತು. ಈಗ ಅದು ಹಿತ್ತಲಲ್ಲಿ ನೀರಿನ ಟಾಕಿಯ ಕೆಳಗಿದೆ. ಒಂದು ವಿಷಯದಲ್ಲಿ ಅಪ್ಪನಿಗೆ ಚಿತ್ರದ ಮೇಲೆ ಅಸಮಾಧಾನ: ದನಗಳನ್ನು ಏನು ಮಾಡಿದರೆಂದು ಸರಿಯಾಗಿ ತೋರಿಸಿಲ್ಲವಂತೆ.

ಇಳಕಲ್‌ನ ಅಕ್ಕ, ನೀವು ಹೇಳಿದ್ದೂ ಸುಳ್ಳಲ್ಲ. ಮರುದಿನ ಅವರು ಪತ್ರಿಕೆ ಓದಲಿಲ್ಲ.

ಇಳಕಲ್ ಸೆರಗು
ಈ ಭಾನುವಾರ ಚಾಪ್ಲಿನ್ ಹಾಕಿ. ನನ್ನ ಮಾತು ಕೇಳಿ.

ಚೋರ್ಲಾ ಘಾಟಿ
ಗೋವೆಯ ನೋಂದಣಿ ಆಯಿತೇ, ಇಲ್ಲವೇ?

ನವನಗರದ ನಿವಾಸಿ
ಆಯಿತು. ನಾಲ್ಕು ದಿನಕ್ಕೆ ಹೋಗುತ್ತೇನೆ, ಆಲೂಗಡ್ಡೆ ಸುಲಿಯುವವನು ಕಂಡರೆ ನಿಮ್ಮ ನಮಸ್ಕಾರ ತಿಳಿಸುತ್ತೇನೆ.

ಚಾಪ್ಲಿನ್ ಮುಂದಿನ ವಾರಕ್ಕೆ ಹೋಯಿತು. ಇಂದು ಬೆಳಿಗ್ಗೆ ಚಹಾ ಕುಡಿಯುತ್ತ ಅಪ್ಪ ಕೇಳಿದರು: ‘ಆ ಇಟಲಿಯವನ ಸೈಕಲ್ ಕೊನೆಗೆ ಸಿಕ್ಕಿತೇ?’

ಹಳೆಯ ಟಾಕೀಸು
ಹೇಳಬೇಡಿ. ಭಾನುವಾರ ಪಕ್ಕದಲ್ಲಿ ಕೂರಿ.